ಪುಟ್ಟ ಮಕ್ಕಳ ಜೊತೆ ದೇವರಾಯನದುರ್ಗ: ಅರ್ಧ ದಿನದಲ್ಲಿ ಹೋಗಿಬರುವುದು ಹೇಗೆ?

ತುಮಕೂರಿಗೆ ಸುಮಾರು 15 ಕಿ.ಮೀ. ದೂರದ ದೇವರಾಯನದುರ್ಗಕ್ಕೆ ದೊಡ್ಡವರು ಮಾತ್ರ ಹೊರಟರೆ ಅದು ಒಂದು ಲೆಕ್ಕ. ಆರು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಬೇರೆಯದೇ ಲೆಕ್ಕ. ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ: ‘ಹೇಗೂ ಹೊರಟಿದ್ದೀವಲ್ಲ, ಸಿದ್ಧಗಂಗೆಗೂ ಹೋಗಿ, ಹಾಗೇ ಕೈದಾಳದ ಚೆನ್ನಕೇಶವನನ್ನೂ ನೋಡ್ಕೊಂಡು ಬಂದ್ಬಿಡೋಣ’ ಎನ್ನುವ ಮಾತು. ಮಧ್ಯಾಹ್ನ ಮಲಗುವ ಮಗುವಿಗೆ ಆ ಹೊತ್ತು ಮೀರಿದರೆ ಗುಡಿಯೂ ಬೇಡ, ಜಿಂಕೆಯೂ ಬೇಡ, ಅಳು ಒಂದೇ. ಹಾಗಾಗಿ ಒಂದು ಬೆಟ್ಟ, ಒಂದು ಚಿಲುಮೆ, ಊಟ ಮುಗಿಸಿ ಮನೆಗೆ. ಉಳಿದದ್ದು ಇನ್ನೊಂದು ದಿನಕ್ಕಿರಲಿ.

ಯಾವಾಗ, ಯಾವ ಕ್ರಮದಲ್ಲಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಚೆನ್ನಾಗಿರುತ್ತದೆ, ಆದರೆ ಬಂಡೆ ಮೇಲೆ ಪಾಚಿ ಕಟ್ಟಿ ಪುಟ್ಟ ಕಾಲು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹೋಗಲೇಬೇಕಿದ್ದರೆ ಹತ್ತು ಗಂಟೆಯೊಳಗೆ ಬೆಟ್ಟ ಇಳಿದಿರಬೇಕು. ಫಾಲ್ಗುಣದ ಜಾತ್ರೆಯ ದಿನಗಳಲ್ಲಿ ರಥ ಎಳೆಯುವ ಜನಸಂದಣಿ. ಹೆಗಲ ಮೇಲೆ ಕೂರುವ ಮಗುವಿದ್ದವರು ಆ ವಾರ ಬಿಟ್ಟುಬಿಡುವುದೇ ವಾಸಿ.

ತುಮಕೂರಿನ ಮನೆಯಿಂದ ಏಳಕ್ಕೆ ಹೊರಟರೆ ಎಂಟರೊಳಗೆ ಬೆಟ್ಟದಲ್ಲಿರಬಹುದು. ಎರಡು ಗುಡಿ ನೋಡಿ ಹತ್ತಕ್ಕೆ ಇಳಿಯಿರಿ, ಹತ್ತೂವರೆಗೆ ನಾಮದ ಚಿಲುಮೆ (ಬಂಡೆಯ ಕುಳಿಯ ನೀರು, ಪಕ್ಕದಲ್ಲಿ ಜಿಂಕೆವನ), ಹನ್ನೊಂದೂವರೆಗೆ ಊಟ, ಹನ್ನೆರಡೂವರೆಗೆ ವಾಪಸ್. ಮಗು ಗಾಡಿಯಲ್ಲೇ ನಿದ್ದೆ ಹೋಗುತ್ತದೆ.

ತುಮಕೂರಿನಿಂದ ಬರುವವರಿಗೆ ದಾರಿಯಲ್ಲಿ ಮೊದಲು ಸಿಗುವುದು ನಾಮದ ಚಿಲುಮೆ. ಹೋಗುವಾಗಲೇ ಅಲ್ಲಿ ಇಳಿಯಬೇಡಿ. ಜಿಂಕೆ ಕಂಡ ಮಗುವನ್ನು ಮತ್ತೆ ಗಾಡಿ ಹತ್ತಿಸುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ, ಅಷ್ಟರಲ್ಲಿ ಮೇಲಿನ ಬಂಡೆ ಕಾದಿರುತ್ತದೆ. ಬಿಸಿಲು ಏರುವ ಮುಂಚೆ ಬೆಟ್ಟ, ಏರಿದ ಮೇಲೆ ಮರದ ನೆರಳು. ಅಷ್ಟೇ ಸೂತ್ರ.

ಹೋಗುವ ಗಾಡಿ

ಸ್ಕೂಟರಿನಲ್ಲಿ ಅಪ್ಪ, ಅಮ್ಮ, ಮುಂದೆ ನಿಂತ ಒಂದು ಮಗು, ನಡುವೆ ಇನ್ನೊಂದು ಮಗು. ಈ ದಾರಿಯಲ್ಲಿ ಇದು ಹೊಸ ದೃಶ್ಯವೇನಲ್ಲ. ಆದರೆ ಬೆಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಮುಂದೆ ನಿಂತ ಮಗುವಿನ ಎದೆ ನೇರವಾಗಿ ಹ್ಯಾಂಡಲ್‌ಗೆ ಬಡಿಯುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗು ದ್ವಿಚಕ್ರ ವಾಹನದಲ್ಲಿದ್ದರೆ ಓಡಿಸುವವರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು ಅಳತೆಗೆ ತಕ್ಕ ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಈ ನಿಯಮ 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿದೆ. ಇಬ್ಬರು ಮಕ್ಕಳಿದ್ದರೆ ಸ್ಕೂಟರ್ ಬೇಡವೇ ಬೇಡ. ಆಟೊ ಮಾತಾಡಿಕೊಳ್ಳಿ, ಇಲ್ಲವೇ ಬಸ್ ಹಿಡಿಯಿರಿ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅಮ್ಮ, ಅಜ್ಜಿಗೆ ಟಿಕೆಟ್ ಇಲ್ಲ, ಗುರುತಿನ ಚೀಟಿ ಕೈಲಿರಲಿ. ಬಸ್ ಇಳಿಯುವಾಗಲೇ ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿಕೊಂಡು ಮಿಕ್ಕ ದಿನವನ್ನು ಅದಕ್ಕೆ ಹೊಂದಿಸಿ.

ಕಾರಿನಲ್ಲಾದರೆ ಮಗುವನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದು ಮಗುವಿಗೇ ಹೊಡೆತ. ಹಿಂದಿನ ಸೀಟಿನಲ್ಲಿ, ಪುಟ್ಟ ಮಗುವಿಗೆ ಬೇಬಿ ಸೀಟ್. ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ ಕಾಯ್ದೆ ಪ್ರಕಾರ ಸಾವಿರ ರೂಪಾಯಿ ದಂಡವೂ ಇದೆ.

ತಿರುವಿನ ವಾಂತಿ

ಎರಡು ವರ್ಷದೊಳಗಿನ ಕೂಸಿಗೆ ಇದು ಅಪರೂಪ. ಆಮೇಲೆ ಹನ್ನೆರಡರವರೆಗೆ ಹೆಚ್ಚು. ಕಿವಿಯೊಳಗಿನ ಸಮತೋಲನದ ಅಂಗ ‘ತಿರುಗ್ತಾ ಇದ್ದೀವಿ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ‘ಇಲ್ಲ, ಅಲುಗಾಡ್ತಾ ಇಲ್ಲ’ ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಮಗು ಸುಮ್ಮನಿರಲಿ ಎಂದು ಮೊಬೈಲ್ ಕೊಟ್ಟರೆ ಕಣ್ಣು ಇನ್ನೂ ಒಂದೇ ಕಡೆ ನಿಂತು ವಾಂತಿ ಖಾತ್ರಿಯಾಗುತ್ತದೆ.

ಹೊರಡುವ ಒಂದು ಗಂಟೆ ಮೊದಲು ಎರಡು ಸಣ್ಣ ಇಡ್ಲಿಯೋ ಒಂದು ದೋಸೆಯೋ ಸಾಕು. ಹೊರಡುವ ಗಳಿಗೆಯಲ್ಲಿ ಲೋಟ ತುಂಬ ಹಾಲು ಬೇಡ, ಬರೀ ಹೊಟ್ಟೆಯೂ ಬೇಡ. (ಬೆಂಗಳೂರಿನಿಂದ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವುದುಂಟು. ಒಂದು ತಟ್ಟೆ ಇಡ್ಲಿ ಮನೆಯ ಎರಡು ಮೂರು ಇಡ್ಲಿಗೆ ಸಮ, ನಾಲ್ಕು ವರ್ಷದ ಮಗುವಿಗೆ ಅರ್ಧ ಸಾಕು, ಚಟ್ನಿ ಬದಲು ಬೆಣ್ಣೆ.) ಏರು ಶುರುವಾಗುವ ಮೊದಲು ಐದು ನಿಮಿಷ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ದೂರದ ಬೆಟ್ಟದ ತುದಿ ತೋರಿಸುತ್ತ ‘ಅಲ್ಲಿ ಗುಡಿ ಕಾಣುತ್ತಾ ನೋಡು’ ಎಂದು ಮಾತಿಗೆ ಹಚ್ಚಿ. ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಮುಖ ಬಿಳಚಿಕೊಂಡು, ಪದೇ ಪದೇ ಎಂಜಲು ನುಂಗುತ್ತಿದ್ದರೆ ಇನ್ನು ಒಂದೆರಡು ನಿಮಿಷ ಅಷ್ಟೇ. ತಿರುವಿನಲ್ಲಲ್ಲ, ನೇರ ಜಾಗ ನೋಡಿ ಗಾಡಿ ನಿಲ್ಲಿಸಿ. ಎರಡು ಕವರ್, ಒಂದು ಹಳೇ ಟವೆಲು, ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಕಾಲ ಬುಡದಲ್ಲೇ ಇರಬೇಕು.

ಬುತ್ತಿ ಕಟ್ಟುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪ್ರವಾಸದ ಮರುದಿನ ಮಗುವಿಗೆ ಹೊಟ್ಟೆ ಕೆಟ್ಟರೆ ಎಲ್ಲರೂ ‘ನೀರು ಬದಲಾಯ್ತು’ ಎನ್ನುತ್ತಾರೆ. ಎಷ್ಟೋ ಸಲ ತಪ್ಪು ನೀರಿನದಲ್ಲ, ಅನ್ನದ್ದು. ಬಿಸಿ ಅನ್ನ ಕಲಸಿ, ಬಿಸಿಯಲ್ಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಒಳಗೆ ಬೆವರುತ್ತದೆ. ಅನ್ನ ಬೆಂದರೂ ಸಾಯದ ಕೆಲವು ಸೂಕ್ಷ್ಮಾಣುಗಳು ಆ ಉಗುರುಬೆಚ್ಚಗಿನ ಡಬ್ಬಿಯಲ್ಲಿ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಳಿಗ್ಗೆ ಐದೂವರೆಗೆ ಅನ್ನ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಪೂರ್ತಿ ಆರಿಸಿ ಕಲಸಿ. ಹನ್ನೊಂದೂವರೆಯ ಊಟಕ್ಕೆ ಸರಿ. ಮಧ್ಯಾಹ್ನ ಮೂರರ ಊಟಕ್ಕೆ ಬೇಡ.

ದೊಡ್ಡವರಿಗೆ ಪುಳಿಯೋಗರೆ. ಹುಣಸೆಹಣ್ಣಿನ ಹುಳಿ ಇರುವುದರಿಂದ ಬೇಗ ಕೆಡುವುದಿಲ್ಲ. ಚಿತ್ರಾನ್ನವಾದರೆ ಕಾಯಿತುರಿ ಹಾಕಬೇಡಿ, ಮೊದಲು ಹಳಸುವುದು ಅದೇ. ಮಕ್ಕಳಿಗೆ ಮೊಸರನ್ನ, ಆದರೆ ಮೊಸರಲ್ಲಿ ಕಲಸಿದರೆ ಹೊತ್ತಾದಂತೆ ಹುಳಿಯೇರಿ ಮಗು ಬಾಯಿಗೇ ಇಡುವುದಿಲ್ಲ. ಹಾಲಲ್ಲಿ ಕಲಸಿ. ಒಂದು ಲೋಟ ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ ಚೆನ್ನಾಗಿ ಕಿವುಚಿ, ಕಾಯಿಸಿ ಆರಿಸಿದ ಹಾಲು ಎರಡು ಲೋಟ, ಮೇಲೆ ಎರಡು ಚಮಚ ಗಟ್ಟಿ ಮೊಸರು, ಚಿಟಿಕೆ ಉಪ್ಪು. ಕಲಸಿದಾಗ ಗಂಜಿಯಂತೆ ನೀರುನೀರಾಗಿರುತ್ತದೆ, ಹೆದರಬೇಡಿ. ದಾರಿಯಲ್ಲೇ ಅನ್ನ ಹಾಲು ಹೀರಿ, ಹೆಪ್ಪು ಹಿಡಿಯುತ್ತ ಬಂದು, ತೆಗೆಯುವ ಹೊತ್ತಿಗೆ ಹದವಾಗಿರುತ್ತದೆ. ಇದು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಪುಳಿಯೋಗರೆಯ ಜೊತೆಗೆ ಸಾಕಾಗುತ್ತದೆ.

ನಮ್ಮ ಕಡೆ ಒಗ್ಗರಣೆ ಎಂದರೆ ಕಡಲೆಕಾಯಿ ಬೀಜ ಬೀಳಲೇಬೇಕು. ಆದರೆ ನಾಲ್ಕು ವರ್ಷದೊಳಗಿನ ಮಗುವಿಗೆ ಇಡೀ ಬೀಜ ಅಪಾಯ. ಓಡುತ್ತಲೋ ನಗುತ್ತಲೋ ತಿಂದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಅವರ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ, ಬೇಕಿದ್ದರೆ ಬೀಜ ಪುಡಿ ಮಾಡಿ ಹಾಕಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ.

ನೀರು ದೊಡ್ಡವರಿಗೆ ತಲಾ ಒಂದು ಲೀಟರ್, ಮಗುವಿಗೆ ಅರ್ಧ, ಕೈಕಾಲು ತೊಳೆಯಲು ಬೇರೆ ಎರಡು ಲೀಟರಿನ ಕ್ಯಾನು. ಆಟದಲ್ಲಿರುವ ಮಗು ನೀರು ಕೇಳುವುದಿಲ್ಲ, ನೀವೇ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಬಿಸಿಲೆಂದು ನೀರು ಕೊಡುವಂತಿಲ್ಲ, ಎದೆಹಾಲನ್ನೇ ಹೆಚ್ಚು ಸಲ ಕೊಡಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡರೆ ಪೂರ್ತಿ ಒಂದು ಲೀಟರಿಗೇ ಕಲಸಿ. ಪೊಟ್ಟಣದ ಕಾಲುಭಾಗ ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಜಾಸ್ತಿಯಾಗಿ ಬೇಧಿ ಹೆಚ್ಚುತ್ತದೆ.

ಬೆಟ್ಟದ ಮೇಲೆ

ದುರ್ಗದ ಎತ್ತರ ಸುಮಾರು 3,940 ಅಡಿ. ಹಳೆಯ ಹೆಸರು ಕರಿಗಿರಿ. ಈಗಿನ ಹೆಸರು ಮೈಸೂರಿನ ಚಿಕ್ಕದೇವರಾಜ ಒಡೆಯರದು. ಕೆಳಗಿನ ಹಂತದಲ್ಲಿ ಭೋಗ ನರಸಿಂಹ, ತುದಿಯಲ್ಲಿ ಯೋಗ ನರಸಿಂಹ. ಬಾಗಿಲು ತೆರೆದಿದೆಯೇ ಎಂದು ಕೆಳಗೇ ವಿಚಾರಿಸಿಕೊಂಡು ಮೇಲಕ್ಕೆ ಹೊರಡಿ. ಮಂಡಿ ನೋವಿನ ಅಜ್ಜಿ, ತಾತ ಕೆಳಗಿನ ಗುಡಿಯಲ್ಲಿ ನೆರಳು ನೋಡಿ ಕೂರಲಿ. ಹಾಗೆಂದು ಮಕ್ಕಳನ್ನು ಅವರ ಕೈಗೆ ಬಿಟ್ಟು ನೀವು ಹತ್ತಬೇಡಿ. ನಾಲ್ಕು ವರ್ಷದೊಳಗಿನ ಒಂದು ಮಗುವಿಗೆ ಓಡಬಲ್ಲ ಒಬ್ಬರು ದೊಡ್ಡವರು ಬೇಕು.

ಮೆಟ್ಟಿಲು ಹತ್ತುವಾಗ ಮಗುವಿನ ಹಿಂದೆ ಇರಿ, ಇಳಿಯುವಾಗ ಮುಂದೆ. ಎಷ್ಟು ಮೆಟ್ಟಿಲೆಂದು ಎಣಿಸಲು ಹೇಳಿದರೆ ‘ಎತ್ಕೋ’ ಎನ್ನುವುದು ಸ್ವಲ್ಪ ತಡವಾಗುತ್ತದೆ. ಎಣಿಕೆ ಮೂವತ್ತಕ್ಕೆ ತಪ್ಪಿದರೆ ಮತ್ತೆ ಒಂದರಿಂದ. ಚಪ್ಪಲಿ ಬಿಡುವ ಜಾಗದಲ್ಲಿ ಮಕ್ಕಳಿಗೆ ದಪ್ಪ ಕಾಲುಚೀಲ ಹಾಕಿ. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ದೊಡ್ಡವರು ಬೇಗ ಬೇಗ ಹೆಜ್ಜೆ ಹಾಕಿ ದಾಟುತ್ತಾರೆ, ಎರಡು ವರ್ಷದ ಮಗು ಮಾತ್ರ ನಿಂತಲ್ಲೇ ನಿಂತು ಒಂದೊಂದೇ ಕಾಲು ಎತ್ತುತ್ತ ಅಳುತ್ತದೆ.

ಶಾಲೆಗೆ ಹೋಗುವ ಮಗುವಿದ್ದರೆ ಮೇಲೆ ಒಂದು ಪುಟ್ಟ ಆಟ. ಉಬ್ಬಿದ ಬಂಡೆಯ ನೆತ್ತಿಗೆ ಅರ್ಧ ಲೋಟ ನೀರು ಸುರಿದು ಅದು ಎರಡು ಕಡೆಗೆ ಒಡೆದು ಹರಿಯುವುದನ್ನು ತೋರಿಸಿ. ಈ ಬೆಟ್ಟಸಾಲಿನ ನೀರೂ ಹೀಗೇ ಎರಡು ಕಡೆಗೆ: ಇಲ್ಲಿ ಹುಟ್ಟುವ ಶಿಂಷಾ ತೆಂಕಣಕ್ಕೆ ಹರಿದು ಕಾವೇರಿ ಸೇರುತ್ತದೆ, ಜಯಮಂಗಲಿ ಬಡಗಣಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ.

ಕೋತಿ

ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೆ ಸಾಕು. ಅವು ನೋಡುವುದು ಊಟವನ್ನಲ್ಲ, ಕವರನ್ನು. ಕೈಲಿ ಚಿಪ್ಸ್ ಪೊಟ್ಟಣವೋ ಬಣ್ಣದ ಜ್ಯೂಸ್ ಬಾಟಲೋ ಹಿಡಿದ ಮಗು ಅವುಗಳ ಎತ್ತರಕ್ಕೇ ಇರುತ್ತದೆ. ತಿಂಡಿ ಎಲ್ಲ ಜಿಪ್ ಇರುವ ಬೆನ್ನುಚೀಲದೊಳಗೆ, ಚೀಲ ದೊಡ್ಡವರ ಬೆನ್ನಿಗೆ. ಬೆಟ್ಟದ ಮೇಲೆ ಏನೂ ತಿನ್ನಿಸಬೇಡಿ. ಕೋತಿ ಹತ್ತಿರ ಬಂದರೆ ಮಗುವನ್ನು ಎತ್ತಿಕೊಂಡು ನಿಧಾನ ಸರಿಯಿರಿ. ಅದರ ಕಣ್ಣು ದಿಟ್ಟಿಸಿ ನೋಡುವುದು, ಹಲ್ಲು ಬಿಟ್ಟು ನಗುವುದು ಎರಡೂ ಅದಕ್ಕೆ ಜಗಳದ ಕರೆ. ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ.

ಪರಚಿದರೂ ಕಚ್ಚಿದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಕ್ಯಾನಿನ ನೀರು ಮತ್ತು ಒಂದು ತುಂಡು ಸೋಪು ಇದಕ್ಕೂ ಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಪ್ರವಾಸ ಅಲ್ಲಿಗೇ ಮುಗಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿ. ‘ಬರೀ ಗೀರು ತಾನೇ’ ಎಂದು ಸೋಮವಾರದವರೆಗೆ ಕಾಯುವುದು ದೊಡ್ಡ ತಪ್ಪು.

ನಾಮದ ಚಿಲುಮೆ

ಕಥೆಯನ್ನು ಗಾಡಿಯಲ್ಲೇ ಹೇಳಿ ಮುಗಿಸಿ: ಇಲ್ಲಿಗೆ ಬಂದ ರಾಮನಿಗೆ ನಾಮ ಇಟ್ಟುಕೊಳ್ಳಲು ನೀರಿರಲಿಲ್ಲ, ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ: ಅದು ಕಾರಂಜಿಯಲ್ಲ, ಬಂಡೆಯ ಪುಟ್ಟ ಕುಳಿಯಲ್ಲಿ ತುಂಬಿ ನಿಲ್ಲುವ ನೀರು. ಇದನ್ನು ಹೇಳದೆ ಕರೆದುಕೊಂಡು ಹೋದರೆ ‘ಇಷ್ಟೇನಾ?’ ಎಂದು ಮುಖ ಸಪ್ಪಗಾಗುತ್ತದೆ.

ಜಿಂಕೆವನದ ಬೇಲಿಯ ಬಳಿ ಮಗುವಿಗೆ ಪಿಸುಮಾತು ಕಲಿಸಿ. ಕೂಗಿದರೆ ಚುಕ್ಕೆ ಜಿಂಕೆಗಳು ಆಚೆ ತುದಿಗೆ ಹೋಗಿಬಿಡುತ್ತವೆ. ಬೇಲಿಯೊಳಗೆ ಬೆರಳು ಹಾಕುವುದು, ಬಿಸ್ಕತ್ತು ಎಸೆಯುವುದು ಬೇಡ. ಕವರು ನುಂಗಿದ ಜಿಂಕೆ ಹೊಟ್ಟೆ ಕಟ್ಟಿ ಸಾಯುತ್ತದೆ. ಊಟಕ್ಕೆ ಚಾಪೆ ಹಾಸುವ ಮುಂಚೆ ಕೋಲಿನಿಂದ ಒಣಗಿದ ಎಲೆ ಸರಿಸಿ ಇರುವೆ ಗೂಡಿದೆಯೇ ನೋಡಿ, ತಲೆ ಎತ್ತಿ ಹೆಜ್ಜೇನು ಕಟ್ಟಿದೆಯೇ ಅದನ್ನೂ ನೋಡಿ. ಡೈಪರನ್ನು ಅಲ್ಲಿನ ಕಸದ ತೊಟ್ಟಿಗೆ ಹಾಕಿದರೆ ಕೋತಿಗಳು ಹೊರಗೆಳೆದು ಹರಡುತ್ತವೆ. ಎರಡು ಕವರಲ್ಲಿ ಸುತ್ತಿ ಮನೆಗೆ ತನ್ನಿ.

ಈ ಕಾಡಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ. ಹಗಲು ಜನ ಓಡಾಡುವ ಜಾಗದಲ್ಲಿ ಹೆದರಬೇಕಿಲ್ಲ. ಆದರೆ ಮಗುವನ್ನು ಮೂತ್ರಕ್ಕೆಂದು ಪೊದೆಯಾಚೆ ಒಬ್ಬೊಂಟಿಯಾಗಿ ಕಳಿಸಬೇಡಿ, ಸಂಜೆವರೆಗೆ ಉಳಿಯಬೇಡಿ.

ಮನೆಗೆ ಬಂದ ಮೇಲೆ

ಉಳಿದ ಮೊಸರನ್ನ ಫ್ರಿಜ್‌ಗೆ ಇಡಬೇಡಿ, ಚೆಲ್ಲಿ. ಹುಲ್ಲಲ್ಲಿ ಹೊರಳಾಡಿದ ಮಗುವಿಗೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ ನೋಡಿ. ಹೊಸದಾಗಿ ಎಳ್ಳುಕಾಳಿನಂಥ ಕಪ್ಪು ಚುಕ್ಕೆ ಕಂಡು, ಉಜ್ಜಿದರೂ ಹೋಗದಿದ್ದರೆ ಅದು ಕಚ್ಚಿಕೊಂಡಿರುವ ಉಣ್ಣೆ ಹುಳ. ಸೀಮೆಎಣ್ಣೆ ಹಚ್ಚಬೇಡಿ, ಉಗುರಲ್ಲಿ ಚಿವುಟಬೇಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ತಲೆಯ ಬಳಿ ಹಿಡಿದು ನೇರ ಮೇಲಕ್ಕೆ ಎಳೆದು, ಸೋಪಿನಲ್ಲಿ ತೊಳೆಯಿರಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಉಣ್ಣೆ ಕಚ್ಚಿತ್ತು ಎಂಬುದನ್ನು ಮೊದಲು ಹೇಳಿ.