ವಾರಕ್ಕೊಂದು ಲೋಟ ವೈನ್, ಕಾಲಕ್ಕೊಂದು ಅಡುಗೆ

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋಗುತ್ತದೆ ಅನ್ನುತ್ತಾರಲ್ಲ, ನಂದಿ ಬೆಟ್ಟದ ಬುಡದಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಹೆಚ್ಚುಕಡಿಮೆ ಆ ಹೊತ್ತಿಗೇ. ಫ್ರಾನ್ಸ್‌ನಲ್ಲಿ ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್. ಅಲ್ಲಿನ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿನ ಬಳ್ಳಿಗೆ ಆ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಒಮ್ಮೆ, ಹಣ್ಣಿಗಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ವಿಜಯಪುರ ಕಡೆಯ ಬೆಳೆಗಾರರು ಚಾಟ್ನಿ ಅನ್ನುವುದು ಇದನ್ನೇ. ಹೀಗಾಗಿ ಇಲ್ಲಿನ ವೈನನ್ನು ಇಲ್ಲಿನ ಕಾಲಕ್ಕೆ, ಇಲ್ಲಿನ ಅಡುಗೆಗೆ ಹೊಂದಿಸಿ ಸವಿಯಬೇಕು. ಯುರೋಪಿನ ಪುಸ್ತಕದ ಋತು ನಮ್ಮ ಅಡುಗೆಮನೆಗೆ ಕೂಡಿಬರುವುದಿಲ್ಲ.

ಮೊದಲು ಒಂದು ಮಾತು. ಆರೋಗ್ಯಕ್ಕೆ ಒಳ್ಳೆಯದು ಎಂದುಕೊಂಡು ವೈನ್ ಶುರುಮಾಡಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. 21 ತುಂಬದವರು, ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಕುಡಿತ ಬಿಟ್ಟು ಗೆದ್ದವರು ಮುಟ್ಟಬಾರದು. ಇವರು ಮೇಜಿನಿಂದ ದೂರ ಕೂರಬೇಕಾಗಿಲ್ಲ. ಅರ್ಧ ಕಿಲೋ ಬೆಂಗಳೂರು ನೀಲಿ ದ್ರಾಕ್ಷಿಗೆ ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಸೋಸಿ ತಣ್ಣಗೆ ಮಾಡಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ರಸ ಕಹಿಯಾಗುತ್ತದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ಗಾಢ ಪರಿಮಳ ಒಳ್ಳೆಯ ಲೋಟದಲ್ಲಿ ಯಾವ ವೈನಿಗೂ ಕಡಿಮೆಯಲ್ಲ. ಮುಂದೆ ಹೇಳುವ ನೋಡುವ, ಮೂಸುವ, ಸವಿಯುವ ಕ್ರಮವೆಲ್ಲ ಈ ರಸಕ್ಕೂ ಸಲ್ಲುತ್ತದೆ.

ಎಷ್ಟು, ಯಾವಾಗ

750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಲೋಟ ಬರುತ್ತದೆ. ಮನೆಯಲ್ಲಿ ಕಣ್ಣಂದಾಜಿನಲ್ಲಿ ಬಗ್ಗಿಸಿದರೆ ಸುಲಭವಾಗಿ 200 ದಾಟಿಬಿಡಬಹುದು, ಏಕೆಂದರೆ ವೈನ್ ಲೋಟದ ಹೊಟ್ಟೆ ಅಗಲ. ಒಮ್ಮೆ ಅಳತೆ ಲೋಟದಲ್ಲಿ 150 ಮಿ.ಲೀ. ನೀರು ಅಳೆದು ನಿಮ್ಮ ಲೋಟಕ್ಕೆ ಸುರಿದು, ಎಲ್ಲಿಗೆ ಬರುತ್ತದೆ ಎಂದು ನೋಡಿಟ್ಟುಕೊಳ್ಳಿ. ವಾರಕ್ಕೊಂದು ದಿನ, ಆ ದಿನ ಒಂದೇ ಲೋಟ, ಊಟದ ಜೊತೆಗೇ. ಸೋಮವಾರ, ಶನಿವಾರ ಮಾಡುವ ಮನೆಗಳಲ್ಲಿ ಭಾನುವಾರವೇ ಸರಿ. ಪಕ್ಕದಲ್ಲಿ ಅಷ್ಟೇ ನೀರು ಇರಲಿ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ, ಒಂದೇ ಲೋಟವಾದರೂ. ಇಬ್ಬರೇ ಇರುವ ಮನೆಗೆ 375 ಮಿ.ಲೀ.ಯ ಅರ್ಧ ಬಾಟಲಿ ಸಿಕ್ಕರೆ ಅದನ್ನೇ ತನ್ನಿ.

ಅಂಗಡಿಯಲ್ಲಿ ಬಾಟಲಿಯ ಮೇಲಿನ ವರ್ಷ ನೋಡಿ. ದೇಶದಲ್ಲಿ ತಯಾರಾಗುವ ಹೆಚ್ಚಿನ ಬಿಳಿ ವೈನ್, ರೋಸೆ (ಗುಲಾಬಿ ಬಣ್ಣದ ವೈನ್) ಇವನ್ನು ಕೊಯ್ಲಾದ ಎರಡು ವರ್ಷದೊಳಗೆ ಕುಡಿಯುವುದು ಒಳ್ಳೆಯದು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದನ್ನು ಬಿಟ್ಟು ಒಳಗಿನದನ್ನು ಕೇಳಿ. ಬಿರಡೆ ತುಸು ಮೇಲೆದ್ದಿದ್ದರೆ, ಕತ್ತಿನ ಬಳಿ ಅಂಟಂಟು ಜಾಡು ಇದ್ದರೆ ಅದು ಸೆಕೆಗೆ ಬೆಂದ ಬಾಟಲಿ, ಬೇಡ. ಮನೆಯಲ್ಲಿ ಒಲೆಯ ಪಕ್ಕ, ಫ್ರಿಜ್ಜಿನ ತಲೆಯ ಮೇಲೆ ಇಡಬೇಡಿ. ಕಾರ್ಕ್ ಬಿರಡೆಯದನ್ನು ಮಲಗಿಸಿ, ತಿರುಪು ಮುಚ್ಚಳದ್ದು ನಿಂತರೂ ಆದೀತು. ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಕತ್ತಲೆ ಕೋಣೆಯೂ ಸಾಲದು. ಕೆಂಪನ್ನೂ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬಿಯಲ್ಲೇ ಇಡಿ.

ತಣ್ಣಗಿರುವುದು ಎಂದರೆ ಎಷ್ಟು ತಣ್ಣಗೆ

ಮನೆಯಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲಿಯೇ. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಚಳಿ ದೇಶದ ಕಲ್ಲಿನ ಮನೆಗಳಲ್ಲಿ. ಅದು 16–18 ಡಿಗ್ರಿ. ನಮ್ಮ ಏಪ್ರಿಲ್ ಕೋಣೆ 30 ಡಿಗ್ರಿ. ಆ ಬಿಸಿಯಲ್ಲಿ ಮದ್ಯಸಾರವೇ ಮುಂದೆ ಬಂದು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಹಿಂದೆ ಸರಿಯುತ್ತದೆ. ಆದ್ದರಿಂದ ಕೆಂಪನ್ನು ಕುಡಿಯುವ ಒಂದರಿಂದ ಒಂದೂವರೆ ಗಂಟೆ ಮೊದಲು ಫ್ರಿಜ್ಜಿಗೆ ಇಡಿ. ಬಿಳಿಯದು ಫ್ರಿಜ್ಜಿನಲ್ಲೇ ಇರಲಿ, ತೆಗೆದು ಹತ್ತು ನಿಮಿಷ ಬಿಟ್ಟು ಬಗ್ಗಿಸಿ. 8–12 ಡಿಗ್ರಿ ಅದಕ್ಕೆ ಹಿತ. ತೀರ ತಣ್ಣಗಿದ್ದರೆ ವಾಸನೆ ಏಳುವುದೇ ಇಲ್ಲ. ನೆಂಟರು ಬಾಗಿಲಲ್ಲಿದ್ದು ಬಾಟಲಿ ಬಿಸಿಯಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಕಂಠದವರೆಗೆ ಮುಳುಗಿಸಿ. 15 ನಿಮಿಷ ಸಾಕು. ಬರೀ ಐಸು ಹಾಕಿದರೆ ತಡವಾಗುತ್ತದೆ, ಗಡ್ಡೆಗಳ ನಡುವಿನ ಗಾಳಿ ತಂಪನ್ನು ತಡೆಯುತ್ತದೆ.

ಕಾಂಡವಿರುವ, ಬಾಯಿ ತುಸು ಒಳಗೆ ಬಾಗಿದ ಗಾಜಿನ ಲೋಟ ಒಂದೇ ಬಗೆಯದು ಸಾಕು. ಪಾತ್ರೆ ಸೋಪಿನ ನಿಂಬೆ ವಾಸನೆ ಗಾಜಿಗೆ ಅಂಟಿರುತ್ತದೆ. ಬಳಸುವ ಮೊದಲು ಬಿಸಿ ನೀರಿನಲ್ಲಿ ತೊಳೆದು, ಖಾಲಿ ಲೋಟವನ್ನೇ ಒಮ್ಮೆ ಮೂಸಿ ನೋಡಿ. ಊದುಬತ್ತಿ, ಮುಡಿದ ಮಲ್ಲಿಗೆ, ಇಂಗಿನ ಒಗ್ಗರಣೆ ಇವೆಲ್ಲ ಎಷ್ಟೇ ಪ್ರಿಯವಾದರೂ ವೈನಿನ ಮೂಗನ್ನು ಮುಚ್ಚುತ್ತವೆ. ಒಗ್ಗರಣೆ ಮುಗಿದು ಕಾಲು ಗಂಟೆ ಕಿಟಕಿ ತೆರೆದಿಟ್ಟು ಬಾಟಲಿ ಬಿಚ್ಚಿ.

ಬಿರಡೆಗೆ ತಿರುಪನ್ನು ನಡುಮಧ್ಯಕ್ಕೆ ಚುಚ್ಚಿ, ಕೊನೆಯ ಒಂದು ಸುತ್ತು ಹೊರಗೆ ಉಳಿಯುವಂತೆ ನಿಲ್ಲಿಸಿ. ಪೂರ್ತಿ ಇಳಿಸಿದರೆ ತಳ ಒಡೆದು ಪುಡಿ ಬೀಳುತ್ತದೆ. ಬಿರಡೆ ಅರ್ಧಕ್ಕೆ ಮುರಿದರೆ ಉಳಿದದ್ದನ್ನು ಒಳಗೆ ತಳ್ಳಿಬಿಟ್ಟು, ವಾಸನೆಯಿಲ್ಲದ ತೆಳು ಮಲ್ ಬಟ್ಟೆಯಲ್ಲಿ ಸೋಸಿ. ಕಾಫಿ ಫಿಲ್ಟರ್ ಬೇಡವೇ ಬೇಡ, ಅದರ ಡಿಕಾಕ್ಷನ್ ವಾಸನೆ ಬಿಡುವುದಿಲ್ಲ.

ನಾಲಿಗೆಗೆ ಕನ್ನಡದ ಪದಗಳೇ ಸಾಕು

ಲೋಟವನ್ನು ಬಿಳಿ ಪಂಚೆಯ ಮುಂದೆ ಓರೆ ಹಿಡಿದು ಬಣ್ಣ ನೋಡಿ. ಅಲುಗಿಸದೆ ಒಮ್ಮೆ ಮೂಸಿ. ಮೆಲ್ಲಗೆ ಸುತ್ತು ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡನೆಯದು ಬೇರೆಯೇ ಇರುತ್ತದೆ, ಗಾಳಿ ಸೇರಿ ವಾಸನೆ ಬಿಚ್ಚಿಕೊಳ್ಳುತ್ತದೆ. ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು ಐದಾರು ಸೆಕೆಂಡು ನಾಲಿಗೆಯ ಸುತ್ತ ಆಡಿಸಿ ನುಂಗಿ. ಈಗ ಮೂರೇ ಪ್ರಶ್ನೆ. ದವಡೆಯ ಬದಿಯಲ್ಲಿ ನೀರೂರಿತೇ? ಅದು ಹುಳಿ. ಒಸಡು ಒಣಗಿ ಜಗ್ಗಿದಂತಾಯಿತೇ? ಅದು ಒಗರು, ಹಸಿ ಅಡಿಕೆಯದ್ದು, ನೇರಳೆ ಹಣ್ಣಿನದ್ದು. ಕೆಂಪು ವೈನಿನ ಟ್ಯಾನಿನ್ ಎಂದರೆ ಇದೇ. ನಮಗದು ಬಾಲ್ಯದಿಂದಲೇ ಗೊತ್ತು. ಮೂರನೆಯದು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು?

ವಾಸನೆಗೂ ನಿಮ್ಮ ನೆನಪಿನ ಹಣ್ಣುಗಳನ್ನೇ ಬಳಸಿ. ಸೊವಿನ್ಯೋನ್ ಬ್ಲಾಂ ಎಂಬ ಬಿಳಿ ವೈನಿನ ಬಾಟಲಿಯ ಹಿಂದೆ ಗೂಸ್‌ಬೆರಿ ಎಂದು ಬರೆದಿದ್ದರೆ ನೆಲ್ಲಿಕಾಯಿಯನ್ನು ಹುಡುಕಬೇಡಿ. ಅದು ಯುರೋಪಿನ ಬೇರೆಯೇ ಹಣ್ಣು. ಬದಲಿಗೆ ಆಗಷ್ಟೇ ಹೆಚ್ಚಿದ ದಪ್ಪ ಮೆಣಸಿನಕಾಯಿಯನ್ನು ನೆನೆಯಿರಿ. ಹೋಲಿಕೆ ಬರೀ ಕಲ್ಪನೆಯಲ್ಲ, ಪೈರಜೀನ್ ಎಂಬ ವಾಸನೆಯ ಅಂಶ ಎರಡರಲ್ಲೂ ಇದೆ. ಶಿರಾಜ್ ಎಂಬ ಕೆಂಪು ವೈನಿಗೆ ಇನ್ನೂ ಚೆಂದದ ಪರೀಕ್ಷೆ ಇದೆ. ಎರಡು ಕಾಳು ಮಲೆನಾಡಿನ ಕರಿಮೆಣಸನ್ನು ಕುಟ್ಟಾಣಿಯಲ್ಲಿ ಒಂದೇ ಪೆಟ್ಟಿಗೆ ಒಡೆದು ಅಂಗೈ ಮೇಲೆ ಹಾಕಿಕೊಂಡು ಮೂಸಿ, ಆಮೇಲೆ ಲೋಟ ಮೂಸಿ. ಎರಡರಲ್ಲೂ ಇರುವ ರೋಟಂಡೋನ್ ಎಂಬ ಒಂದೇ ಅಂಶವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಮೂಗಿಗೆ ಅದು ಸಿಗುವುದಿಲ್ಲ. ನಿಮಗೆ ಸಿಗದಿದ್ದರೆ ಬೇಸರ ಬೇಡ, ಪಕ್ಕದವರನ್ನು ಕೇಳಿ.

ನೆನೆದ ಗೋಣಿಚೀಲ ಅಥವಾ ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ ಎಂದರ್ಥ. ಸರಿಪಡಿಸಲು ಬರುವುದಿಲ್ಲ, ಅಂಗಡಿಗೆ ಹಿಂದಿರುಗಿಸಿ. ತಳದಲ್ಲಿ ಕಲ್ಲುಸಕ್ಕರೆಯ ಚೂರಿನಂಥ ಹರಳು ಕಂಡರೆ ಅದು ಗಾಜಲ್ಲ, ದ್ರಾಕ್ಷಿಯ ಹುಳಿಯೇ ತಣ್ಣಗಾಗಿ ಹರಳುಗಟ್ಟಿದ್ದು.

ಕಾಲದ ಅಡುಗೆ, ಕಾಲದ ಬಾಟಲಿ

ನಾಲ್ಕು ಸೂತ್ರ ನೆನಪಿದ್ದರೆ ಸಾಕು. ಅಡುಗೆ ಹುಳಿಯಿದ್ದರೆ ವೈನ್ ಅದಕ್ಕಿಂತ ಹುಳಿಯಿರಬೇಕು, ಇಲ್ಲವಾದರೆ ವೈನ್ ಸಪ್ಪೆ ನೀರಾಗುತ್ತದೆ. ಅಡುಗೆ ಸಿಹಿಯಿದ್ದರೆ ವೈನ್ ಅದಕ್ಕಿಂತ ಸಿಹಿ. ಖಾರ ಹೆಚ್ಚಿದ್ದರೆ ಮದ್ಯಸಾರ ಕಡಿಮೆಯಿರುವ, ತುಸು ಸಿಹಿಯ, ತಣ್ಣನೆಯ ವೈನ್. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಒಗರು ಅದನ್ನು ಇನ್ನಷ್ಟು ಒರಟು ಮಾಡುತ್ತದೆ. ಒಗರಿನ ಕೆಂಪಿಗೆ ಕೊಬ್ಬು, ಮಾಂಸ ಬೇಕು.

ಮಾರ್ಚ್–ಏಪ್ರಿಲ್‌ನಲ್ಲಿ ತೋತಾಪುರಿ ಕಾಯಿ ಬಂದಾಗ ಮಾವಿನಕಾಯಿ ಚಿತ್ರಾನ್ನಕ್ಕೆ ಸೊವಿನ್ಯೋನ್ ಬ್ಲಾಂ. ಒಗ್ಗರಣೆಗೆ ಹಸಿಮೆಣಸಿನಕಾಯಿ ಎರಡೇ ಇರಲಿ. ಮಾವು ಹಣ್ಣಾದ ಮೇಲೆ ಈ ಜೋಡಿ ಮುರಿಯುತ್ತದೆ: ರಸಪುರಿಯ ಸಿಹಿಯ ಮುಂದೆ ಒಣ ವೈನ್, ಅಂದರೆ ಸಿಹಿಯಿಲ್ಲದ ವೈನ್, ಹುಣಸೆ ನೀರಿನಂತೆ ಕಾಣುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಮೇ ತಿಂಗಳ ಸೆಕೆಗೆ ತಣ್ಣನೆಯ ರೋಸೆ, ಅದೂ 100 ಮಿ.ಲೀ. ಸಾಕು, ಬೆವರಿದ ಮೈಗೆ ಮದ್ಯ ಬೇಗ ಏರಿದಂತಾಗುತ್ತದೆ.

ಮಳೆಗಾಲದಲ್ಲಿ ಮಡಿಕೇರಿ, ಸಕಲೇಶಪುರದ ಮನೆಗಳಲ್ಲಿ ಕೆಂಪನ್ನು ಫ್ರಿಜ್ಜಿಗೆ ಇಡುವ ಅಗತ್ಯವೇ ಇಲ್ಲ, ಕೋಣೆಯೇ ತಂಪು. ಕೊಡಗಿನ ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಶಿರಾಜ್ ಎಂದು ಎಲ್ಲರೂ ಹೇಳುತ್ತಾರೆ. ಮೆಣಸಿಗೆ ಮೆಣಸು ಕೂಡುತ್ತದೆ, ನಿಜ. ಆದರೆ ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹಣ್ಣಿನ ರಸದ ಹುಳಿಗೆ ಇನ್ನೂ ಚೆನ್ನಾಗಿ ನಿಲ್ಲುವುದು ಸಾಂಜೊವೇಸೆ, ಇಟಲಿಯ ಹುಳಿ ಹೆಚ್ಚಿರುವ ಕೆಂಪು ತಳಿ. ಅದನ್ನು ಈಗ ಹಂಪಿ ಕಡೆಯ ಬೆಟ್ಟಗಳಲ್ಲೂ ಬೆಳೆಯುತ್ತಾರೆ. ಶ್ರಾವಣ, ನವರಾತ್ರಿಗಳಲ್ಲಿ ಬಾಟಲಿ ಮುಚ್ಚಿಡುವ ಮನೆಗಳಿವೆ. ಆ ಬಿಡುವು ಒಳ್ಳೆಯದೇ. ತಿಂಗಳು ಬಿಟ್ಟ ನಾಲಿಗೆ ಚುರುಕಾಗಿರುತ್ತದೆ.

ಡಿಸೆಂಬರ್ ಬಂದರೆ ಸೊಗಡಿನ ಅವರೆ. ಹಿತಕಿದ ಅವರೆಬೇಳೆ ಸಾರಿಗೆ ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲ ಬೀಳುವುದರಿಂದ ಕೆಂಪು ಹೊಂದುವುದಿಲ್ಲ, ಲೋಹ ನೆಕ್ಕಿದಂತಾಗುತ್ತದೆ. ತುಸು ಸಿಹಿಯಿರುವ ಶೆನಿನ್ ಬ್ಲಾಂ ಎಂಬ ಬಿಳಿ ವೈನ್ ತನ್ನಿ. ಕಾಯಿ ಬಿಡಿಸಿದ ಕೈಗೆ ಅಂಟಿದ ಸೊಗಡು ಒಂದು ಸಲ ತೊಳೆದರೆ ಹೋಗುವುದಿಲ್ಲ. ಬೆರಳನ್ನು ಕಡಲೆಹಿಟ್ಟಿನಲ್ಲಿ ಉಜ್ಜಿ ತೊಳೆದು ಆಮೇಲೆ ಲೋಟ ಹಿಡಿಯಿರಿ, ಇಲ್ಲವಾದರೆ ಎಷ್ಟು ಮೂಸಿದರೂ ಅವರೆಯೇ. ಸಂಕ್ರಾಂತಿ ಕಳೆದು ಡಬ್ಬಿಯಲ್ಲಿ ಉಳಿದ ಎಳ್ಳು–ಬೆಲ್ಲಕ್ಕೆ 50 ಮಿ.ಲೀ. ಸಿಹಿ ಪೋರ್ಟ್ ಬಗೆಯ ವೈನ್ ಜೊತೆ ಕೊಟ್ಟರೆ ಹುರಿದ ಎಳ್ಳು, ಕೊಬ್ಬರಿಯ ರುಚಿ ಎದ್ದು ಬರುತ್ತದೆ.

ಮೊದಲ ಗುಟುಕಿಗೆ ಮುನ್ನ

ಒಂದು ಬಾಟಲಿಗೆ ಸುಮಾರು ಒಂದರಿಂದ ಒಂದೂಕಾಲು ಕಿಲೋ ದ್ರಾಕ್ಷಿ ಬೇಕು. ಬಿಸಿಲೇರಿದರೆ ಹಣ್ಣು ಬಿಸಿಯಾಗಿ, ಸಿಪ್ಪೆ ಒಡೆದು, ಬುಟ್ಟಿಯಲ್ಲೇ ಹುದುಗಲು ಶುರುವಾಗುತ್ತದೆ. ಅದಕ್ಕೇ ನಸುಕಿನಲ್ಲಿ, ಗೊಂಚಲ ತೊಟ್ಟಿಗೆ ಕತ್ತರಿ ಹಾಕಿ ಕೈಯಿಂದಲೇ ಕೊಯ್ಯುತ್ತಾರೆ. ಬಾಟಲಿಯ ಮೇಲಿನ ಊರು, ತಳಿ, ವರ್ಷ ಈ ಮೂರನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಆ ವರ್ಷದ ಫೆಬ್ರವರಿಯಲ್ಲಿ ನೀವು ಎಲ್ಲಿದ್ದಿರಿ ಎಂದು ಒಂದು ಕ್ಷಣ ನೆನೆಯಿರಿ. ಮೊದಲ ಲೋಟ ಅಡುಗೆ ಮಾಡಿದವರಿಗೆ, ಅವರು ಕುಡಿಯದಿದ್ದರೆ ಅವರ ರಸದ ಲೋಟವೇ ಮೊದಲು ತುಂಬಲಿ. ಊಟದಲ್ಲಿ ‘ಅನ್ನದಾತಾ ಸುಖೀಭವ’ ಅನ್ನುವ ರೂಢಿ ನಮ್ಮಲ್ಲಿದೆ. ಅದನ್ನೇ ಇಲ್ಲಿ ಹೇಳಿದರೆ ಸಾಕು, ಹೊಸ ಮಂತ್ರ ಬೇಕಿಲ್ಲ. ಕೊಡವರು ಗುರುಕಾರಣರಿಗೆ (ಮನೆತನದ ಹಿರಿಯರಿಗೆ) ಮೀದಿ, ಅಂದರೆ ಎಡೆ ಇಡುವಾಗ ಅಡುಗೆಯ ಜೊತೆ ಮದ್ಯವನ್ನೂ ಇಡುತ್ತಾರೆ. ಹಿರಿಯರನ್ನು ನೆನೆದ ಮೇಲೇ ತಮ್ಮ ಪಾಲು.

ಊಟವಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ತಾರೀಖು ಮತ್ತು ಹವೆ, ಬಾಟಲಿ ಮತ್ತು ಅಡುಗೆ, ಇಂದು ಯಾರಿಗೆ ಯಾವುದಕ್ಕೆ ಋಣಿ. ಮೂರನೆಯ ಸಾಲು ಕೆಡುವುದು ಬೇಗ. ‘ಮನೆಯವರಿಗೆ ಕೃತಜ್ಞ’ ಎಂದು ನಾಲ್ಕು ವಾರ ಬರೆದರೆ ಐದನೆಯ ವಾರ ಪುಸ್ತಕ ತೆರೆಯುವುದಿಲ್ಲ. ಒಬ್ಬ ವ್ಯಕ್ತಿ, ಒಂದು ಕೆಲಸ ಎಂದು ಹಿಡಿಯಿರಿ: ‘ಅತ್ತೆ ಕೂತು ಎರಡು ಸೇರು ಅವರೆ ಹಿತಕಿದರು, ಹೆಬ್ಬೆರಳ ಉಗುರು ಹಸಿರಾಗಿತ್ತು.’ ಬರೆದದ್ದನ್ನು ಅವರಿಗೆ ಆ ರಾತ್ರಿಯೇ ಓದಿ ಹೇಳಿ.

ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್ಜಿಗೆ ಇಡಿ, ಕೆಂಪಾದರೂ ಸರಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಕಂಠದವರೆಗೆ ತುಂಬಿ. ಗಾಳಿ ಕಡಿಮೆಯಾದಷ್ಟೂ ಬಾಳಿಕೆ ಹೆಚ್ಚು. ಮೂರು ದಿನ ಚೆನ್ನಾಗಿರುತ್ತದೆ, ಆಮೇಲೆ ಹುಳಿ ಏರುತ್ತದೆ. ಹಾಗಾದದ್ದನ್ನು ಮಟನ್ ಬೇಯಿಸುವಾಗ ನೀರಿನ ಬದಲು ಅರ್ಧ ಲೋಟ ಹಾಕಿ, ಮುಚ್ಚದೆ ಕುದಿಸಿ. ಮುಂದಿನ ವರ್ಷ ಅವರೆ ಬಂದಾಗ, ಅಂಗಡಿಗೆ ಹೋಗುವ ಮೊದಲು ನೋಟ್‌ಬುಕ್ಕಿನ ಡಿಸೆಂಬರ್ ಪುಟ ತೆಗೆದು ನೋಡಿ: ಯಾವ ಬಾಟಲಿ ಕೂಡಿತ್ತು, ಯಾವುದು ಕೂಡಲಿಲ್ಲ, ಆ ಸಂಜೆ ಮೇಜಿನ ಸುತ್ತ ಯಾರಿದ್ದರು.