ಬರೆದವರು ಯಾರು? ಮನೆಯಲ್ಲೇ ಒಂದು ಸಿನಿಮಾ ಸಂಜೆ

ರಾಜ್‌ಕುಮಾರ್ ಅವರ ‘ಪ್ರೇಮದ ಕಾಣಿಕೆ’ ಗೊತ್ತಲ್ವಾ? 1976ರ ಸಿನಿಮಾ. ಅದರ ಕಥೆ ‘ಶೋಲೆ’ ಬರೆದ ಸಲೀಂ–ಜಾವೇದ್ ಜೋಡಿಯದು. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಕೂತಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬರೂ ನಂಬಲಿಲ್ಲ. ಮೊಬೈಲ್ ತೆಗೆದು ಹುಡುಕಿ ನೋಡಿದ ಮೇಲೇ ಒಪ್ಪಿದ್ದು.

ಹೀರೊ ಯಾರು, ಡೈರೆಕ್ಟರ್ ಯಾರು ಅಂದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ. ಬರೆದವರ ಹೆಸರು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಈ ಸಲ ಪ್ರಶಸ್ತಿ ಸೀಸನ್‌ಗೆ ಸಿನಿಮಾ ಪಾರ್ಟಿ ಮಾಡುವುದಾದರೆ ಬರೆದವರ ಹೆಸರಲ್ಲೇ ಮಾಡಿ. ನಾವು ಮಾಡಿದ ರೀತಿ ಇಲ್ಲಿದೆ.

ದಿನ ಗೊತ್ತು ಮಾಡುವುದು

ಆಸ್ಕರ್ ಸಮಾರಂಭ ನಡೆಯುವುದು ಅಮೆರಿಕದ ಭಾನುವಾರ ಸಂಜೆ. ನಮಗೆ ಅದು ಸೋಮವಾರ ನಸುಕು, ನಾಲ್ಕೂವರೆಯೋ ಐದೂವರೆಯೋ. ಆ ಹೊತ್ತಿಗೆ ಮುಂಬೈನ ಅರ್ಧ ಮನೆಗಳಲ್ಲಿ ಡಬ್ಬಿ ಕಟ್ಟುವ ಕೆಲಸ ಶುರುವಾಗಿರುತ್ತದೆ. ನೇರ ಪ್ರಸಾರ ನೋಡುವ ಆಸೆ ಬಿಡಿ, ಹಿಂದಿನ ದಿನ ಭಾನುವಾರ ಸಂಜೆ ಆರಕ್ಕೆ ಕರೆಯಿರಿ. ಕರೆಯುವ ಮೊದಲು ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಭಾನುವಾರ ಲೋಕಲ್ ರೈಲು ನಿಲ್ಲಿಸುವುದು, ಯಾವ ಲೈನಿನಲ್ಲಿದೆ ನೋಡಿಕೊಳ್ಳಿ. ಹನ್ನೆರಡು ಜನ ಸಾಕು. ನಾಲ್ಕು ನಾಲ್ಕು ಮಂದಿಯ ಮೂರು ತಂಡ. ಒಂದು ಹಾಲ್‌ನಲ್ಲಿ ಅದಕ್ಕಿಂತ ಜಾಸ್ತಿ ಹಿಡಿಸುವುದೂ ಇಲ್ಲ.

ಕರೆಯೋಲೆಯೇ ಚಿತ್ರಕಥೆ

ಸುಮ್ನೆ ‘ಬನ್ನಿ’ ಅಂತ ಮೆಸೇಜ್ ಹಾಕಬೇಡಿ. ಒಬ್ಬೊಬ್ಬರಿಗೂ ಚಿತ್ರಕಥೆಯ ಒಂದು ಪುಟ ಬರೆದು ಕಳಿಸಿ. ಶಾಂತಕ್ಕನಿಗೆ ನಾನು ಬರೆದದ್ದು ಹೀಗಿತ್ತು:

ದೃಶ್ಯ 1. ಒಳಗೆ. ನಮ್ಮ ಮನೆ ಹಾಲ್. ಸಂಜೆ.
ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತದೆ. ಕರೆಗಂಟೆ. ಬಾಗಿಲು ತೆರೆದರೆ ಶಾಂತಕ್ಕ, ಕೈಯಲ್ಲಿ ಕೋಡುಬಳೆ ಡಬ್ಬ. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ.
ಶಾಂತಕ್ಕ: ಕಲ್ಯಾಣ್ ಫಾಸ್ಟ್ ಕಣ್ಣೆದುರೇ ಹೋಯ್ತು ಕಣೇ. ಶುರು ಮಾಡಿಬಿಟ್ರಾ?

ಇಷ್ಟೇ. ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು ಅನ್ನುವುದು ಮೊದಲ ಸಾಲಿನಲ್ಲೇ ಬರಬೇಕು. ಆಮೇಲೆ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ. ‘ಶಾಂತಕ್ಕನಿಗೆ ತಡವಾಯಿತೆಂದು ಬೇಜಾರು’ ಅಂತ ಬರೆಯುವ ಹಾಗಿಲ್ಲ. ಬೇಜಾರನ್ನು ಕ್ಯಾಮೆರಾ ಹಿಡಿಯಲಾರದು, ಹಣೆ ಒರೆಸಿಕೊಳ್ಳುವುದನ್ನು ಹಿಡಿಯುತ್ತದೆ. ಹೀಗೆ ಬರೆದ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಈ ಕಸುಬಿನವರ ಲೆಕ್ಕ. ಕರೆಯೋಲೆ ಓದಿದವರು ಫೋನ್ ಮಾಡಿ, ‘ಮುಂದಿನ ಸೀನ್‌ನಲ್ಲಿ ನಾನೇನು ಹೇಳ್ತೀನಿ?’ ಅಂತ ಕೇಳಿದರೆ ಅರ್ಧ ಪಾರ್ಟಿ ಗೆದ್ದ ಹಾಗೆ. ಶಾಂತಕ್ಕ ನಿಜವಾಗಿಯೂ ಕೋಡುಬಳೆ ತಂದಿದ್ದರು.

ಪ್ರಶ್ನೆಗಳು: ಹದಿನೈದು ಸಾಕು

ಮೊದಲ ವರ್ಷ ನಾನು ನಲವತ್ತು ಪ್ರಶ್ನೆ ಬರೆದಿದ್ದೆ. ಹತ್ತು ಮುಗಿಯುವಷ್ಟರಲ್ಲಿ ಗಂಡಸರೆಲ್ಲ ಬಾಲ್ಕನಿಯಲ್ಲಿದ್ದರು. ಈಗ ಹದಿನೈದಕ್ಕೆ ನಿಲ್ಲಿಸುತ್ತೇನೆ. ಉತ್ತರದ ಹಿಂದೆ ಒಂದು ಕಥೆ ಇರುವ ಪ್ರಶ್ನೆಯನ್ನೇ ಆರಿಸುತ್ತೇನೆ.

ಶುರು ಮಾಡುವ ಮೊದಲು ಒಂದು ವ್ಯತ್ಯಾಸ ಹೇಳಿಬಿಡಿ. ಏನಾಯಿತು ಅನ್ನುವುದು ಕಥೆ. ಅದು ತೆರೆಯ ಮೇಲೆ ಯಾವ ದೃಶ್ಯವಾದ ಮೇಲೆ ಯಾವ ದೃಶ್ಯವಾಗಿ ಬರುತ್ತದೆ ಅನ್ನುವುದು ಚಿತ್ರಕಥೆ. ಬಾಯಿಂದ ಬರುವ ಮಾತು ಸಂಭಾಷಣೆ. ಸಿನಿಮಾಕ್ಕೆಂದೇ ಹುಟ್ಟಿದ್ದು ಮೂಲ ಚಿತ್ರಕಥೆ, ಕಾದಂಬರಿಯಿಂದಲೋ ನಾಟಕದಿಂದಲೋ ಬಂದದ್ದು ಆಧರಿತ ಚಿತ್ರಕಥೆ. 2013ರ ರಾಷ್ಟ್ರ ಪ್ರಶಸ್ತಿಯಲ್ಲಿ ಈ ಎರಡೂ ಕನ್ನಡಕ್ಕೇ ಬಂದವು: ‘ಡಿಸೆಂಬರ್–1’ಕ್ಕೆ ಪಿ. ಶೇಷಾದ್ರಿ, ಅನಂತಮೂರ್ತಿಯವರ ಕಥೆಯಿಂದ ಮಾಡಿದ ‘ಪ್ರಕೃತಿ’ಗೆ ಪಂಚಾಕ್ಷರಿ. ಇದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಮೊದಲ ಸುತ್ತು ಮನೆಯ ಹತ್ತಿರದ್ದಿರಲಿ. ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಗೆ ಎಷ್ಟು ಫಿಲಂಫೇರ್ ಬಂತು? ಐದು, ಎಂಟು, ಹತ್ತು ಅಂತ ಕೂಗುತ್ತಾರೆ. ಬಂದದ್ದು ಒಂದೇ, ಸಂಕಲನಕ್ಕೆ. ಆ ವರ್ಷ ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಪ್ರಶಸ್ತಿ ಸಲೀಂ–ಜಾವೇದ್‌ಗೇ ಬಂದವು, ಆದರೆ ‘ದೀವಾರ್’ ಸಿನಿಮಾಕ್ಕೆ. ಇನ್ನೊಂದು: ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆಯಿಂದ ಹುಟ್ಟಿದ ‘ಭೂಮಿಕಾ’ದ ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿ ಪಡೆದ ಮೂವರಲ್ಲಿ ಒಬ್ಬರು ಕನ್ನಡದವರು, ಯಾರು? ಸುಳಿವು ಕೊಡಿ: ಅವರು ಹುಟ್ಟಿದ್ದು ಇಲ್ಲೇ ಮಾಥೇರಾನ್‌ನಲ್ಲಿ, 1938ರಲ್ಲಿ. ಗಿರೀಶ್ ಕಾರ್ನಾಡ್! ಶ್ಯಾಮ್ ಬೆನಗಲ್, ಸತ್ಯದೇವ್ ದುಬೆ ಜೊತೆಗಿದ್ದರು.

ಎರಡನೇ ಸುತ್ತು ಆಸ್ಕರ್‌ನದು. ನಾಯಿಯ ಹೆಸರಲ್ಲಿ ಚಿತ್ರಕಥೆಯ ನಾಮಿನೇಷನ್ ಬಂದದ್ದುಂಟಾ? ಉಂಟು. ‘ಚೈನಾಟೌನ್’ ಬರೆದು ಆಸ್ಕರ್ ಗೆದ್ದ ರಾಬರ್ಟ್ ಟೌನ್, 1984ರ ‘ಗ್ರೇಸ್ಟೋಕ್’ ಸಿನಿಮಾಕ್ಕೆ ತನ್ನ ಹೆಸರು ಬೇಡವೆಂದು ಸಾಕುನಾಯಿಯ ಹೆಸರು ಹಾಕಿಸಿದ್ದರು. ಮಕ್ಕಳಿಗೆ ಇದು ಬಹಳ ಇಷ್ಟ. ನಟನೆಗೂ ಬರವಣಿಗೆಗೂ ಆಸ್ಕರ್ ಪಡೆದವರು ಯಾರು? ಎಮ್ಮಾ ಥಾಂಪ್ಸನ್. 1929ರ ಮೊದಲ ಸಮಾರಂಭದಲ್ಲಿ ಕೊಟ್ಟು ಆಮೇಲೆ ನಿಲ್ಲಿಸಿದ ಬರವಣಿಗೆ ಪ್ರಶಸ್ತಿ ಯಾವುದು? ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ ಬರುತ್ತಿದ್ದ ಬರಹದ ಕಾರ್ಡುಗಳದ್ದು. ಸಿನಿಮಾಕ್ಕೆ ಮಾತು ಬಂತು, ಆ ಪ್ರಶಸ್ತಿ ಹೋಯಿತು.

ಡಾಲ್ಟನ್ ಟ್ರಂಬೊ ಪ್ರಶ್ನೆಯನ್ನು ಕೊನೆಗಿಡಿ. ಆತ ಕಮ್ಯುನಿಸ್ಟ್ ಎಂದು ಹಾಲಿವುಡ್ ಹೊರಗಿಟ್ಟಿತು, ಜೈಲಿಗೂ ಹೋಗಿಬಂದರು. ಹೆಸರು ಹಾಕುವಂತಿಲ್ಲ, ಹೊಟ್ಟೆಪಾಡು ಬಿಡುವಂತಿಲ್ಲ. ‘ರೋಮನ್ ಹಾಲಿಡೇ’ ಕಥೆ ಬರೆದರು, ಆಸ್ಕರ್ ಹೋದದ್ದು ಹೆಸರು ಕೊಟ್ಟ ಗೆಳೆಯನಿಗೆ. ಆಮೇಲೆ ‘ದಿ ಬ್ರೇವ್ ಒನ್’ ಕಥೆಗೆ ರಾಬರ್ಟ್ ರಿಚ್ ಎಂಬುವರಿಗೆ ಆಸ್ಕರ್ ಘೋಷಣೆಯಾಯಿತು. ಅಂಥ ಬರಹಗಾರನೇ ಇರಲಿಲ್ಲ, ಅದೂ ಟ್ರಂಬೊ. ಆ ಪ್ರತಿಮೆ ಅವರ ಕೈಗೆ ಬಂದದ್ದು 1975ರಲ್ಲಿ. ಮರುವರ್ಷ ತೀರಿಕೊಂಡರು. ‘ರೋಮನ್ ಹಾಲಿಡೇ’ಯದ್ದು 1993ರಲ್ಲಿ ಅವರ ಹೆಂಡತಿಯ ಕೈ ಸೇರಿತು. ಇದನ್ನು ಹೇಳುವಾಗ ಅವಸರ ಬೇಡ. ನಮ್ಮ ಮನೆಯಲ್ಲಿ ಚುರುಮುರಿ ತಿನ್ನುತ್ತಿದ್ದ ಕೈಗಳೂ ನಿಂತಿದ್ದವು.

ಸದ್ದು ತೆಗೆದು ಮಾತು ಬರೆಯಿರಿ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಆಟ. ಯಾರೂ ನೋಡಿರದ, ಬೇರೆ ಭಾಷೆಯ ಸಿನಿಮಾದ ಎರಡು ನಿಮಿಷದ ದೃಶ್ಯ ಆರಿಸಿ. ಇಬ್ಬರು ಕೂತು ಮಾತಾಡುವಂಥದ್ದು, ಮುಖ ಚೆನ್ನಾಗಿ ಕಾಣುವಂಥದ್ದು. ಫೈಟ್ ಬೇಡ. ಟಿವಿಯ ಸದ್ದು ಪೂರ್ತಿ ತೆಗೆದು ಎರಡು ಸಲ ತೋರಿಸಿ. ಪ್ರತಿ ತಂಡಕ್ಕೂ ಹದಿನೈದು ನಿಮಿಷ, ಕನ್ನಡದಲ್ಲಿ ಸಂಭಾಷಣೆ ಬರೆಯಬೇಕು. ಆಮೇಲೆ ದೃಶ್ಯ ಓಡುತ್ತಿರುವಾಗಲೇ ತುಟಿಗೆ ಸರಿಯಾಗಿ ಹೇಳಬೇಕು.

ಒಂದೇ ದೃಶ್ಯದಲ್ಲಿ ಧಾರವಾಡದವರ ಪೊಲೀಸ್ ‘ಏನ್ರೀ, ಚಾ ಆತೇನ್ರೀ?’ ಅಂದ. ಮಂಗಳೂರಿನವರ ಪೊಲೀಸ್ ‘ಎಂತ ಮಾರಾಯ, ಈಗ ಬಂದದ್ದಾ?’ ಅಂದ. ಮೊದಲನೆಯವ ವಿಚಾರಣೆಗೆ ಬಂದವನ ಹಾಗಿದ್ದ, ಎರಡನೆಯವ ಹಳೇ ಗೆಳೆಯನ ಹಾಗೆ. ಮುಖ ಅದೇ, ಮಾತು ಬದಲಾಯಿತು, ಮನುಷ್ಯನೇ ಬದಲಾದ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಮಾತು ಬರುತ್ತದೆ, ಬರೆಯಲು ಬರುವುದಿಲ್ಲ. ಅವರನ್ನು ಅಜ್ಜ ಅಜ್ಜಿಯರ ಜೊತೆ ಕೂರಿಸಿ. ಮಕ್ಕಳು ಹೇಳಲಿ, ಹಿರಿಯರು ಬರೆಯಲಿ. ಕೊನೆಗೆ ಹಾಳೆಯ ತಲೆಯಲ್ಲಿ ‘ಸಂಭಾಷಣೆ’ ಎಂದು ಬರೆದು, ಅದರ ಕೆಳಗೆ ಮಗು ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಬರೆಯಬೇಕು. ನೋಡಿಕೊಂಡು ಬರೆದರೂ ಸರಿ.

ಅಕ್ಕಿ ಚೀಲದ ಆಸ್ಕರ್

ಆಸ್ಕರ್ ಪ್ರತಿಮೆಯ ಎತ್ತರ 13.5 ಇಂಚು, ತೂಕ ಸುಮಾರು 3.85 ಕಿಲೊ. ಅಷ್ಟು ಅಕ್ಕಿ ತೂಗಿ ಚೀಲಕ್ಕೆ ಕಟ್ಟಿ. ಗೆದ್ದವರು ಅದನ್ನು ಒಂದೇ ಕೈಯಲ್ಲಿ ಹಿಡಿದು 45 ಸೆಕೆಂಡ್ ಧನ್ಯವಾದ ಹೇಳಬೇಕು. ಅಲ್ಲೂ ಇಷ್ಟೇ ಸಮಯ. ಬಹುಮಾನಕ್ಕೆ ಒಂದು ಒಳ್ಳೆಯ ಇಂಕ್ ಪೆನ್ನು, ಗೆರೆ ಇಲ್ಲದ ನೋಟ್‌ಬುಕ್.

ತಿಂಡಿ ವಿಷಯ ಒಂದೇ ಮಾತು: ಕರಿಯುವ ಕೆಲಸ ಇಟ್ಟುಕೊಳ್ಳಬೇಡಿ, ಮನೆಯೊಡತಿಗೆ ಆಟ ತಪ್ಪುತ್ತದೆ. ಚುರುಮುರಿ, ನಿಪ್ಪಟ್ಟು, ಮೊದಲೇ ಮಾಡಿಟ್ಟ ಬಿಸಿಬೇಳೆಬಾತ್ ಸಾಕು. ಹತ್ತರೊಳಗೆ ಮುಗಿಸಿ, ಕೆಳಗಿನ ಮನೆಯವರೂ ಬೆಳಿಗ್ಗೆ ಬೇಗ ಏಳುವವರೇ.

ಹೊರಡುವ ಮುನ್ನ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಮೂಲ ಚಿತ್ರಕಥೆಗೆ ಐದು, ಆಧರಿತಕ್ಕೆ ಐದು ನಾಮಿನೇಷನ್ ಇರುತ್ತವೆ. ಒಂದೊಂದರ ಕಥೆಯನ್ನೂ ಎರಡೇ ಸಾಲಿನಲ್ಲಿ ಹೇಳಿ. ಗೆಲ್ಲುವುದು ಯಾವುದು ಅಂತ ಬರೆದು ಮಡಿಸಿ ಸ್ಟೀಲ್ ಡಬ್ಬಿಗೆ ಹಾಕಲಿ. ಸೋಮವಾರ ಬೆಳಿಗ್ಗೆ ಫಲಿತಾಂಶ ಬಂದ ಕೂಡಲೇ ಡಬ್ಬಿ ತೆರೆದು ಚೀಟಿಗಳ ಫೋಟೊ ಗ್ರೂಪ್‌ಗೆ ಹಾಕಿ. ಕಳೆದ ಸಲ ಶಾಂತಕ್ಕ ಉತ್ತರ ಕಳಿಸಿದ್ದು ಠಾಣೆ ದಾಟಿದ ಲೋಕಲ್‌ನಿಂದ, ನಿಂತುಕೊಂಡೇ: ‘ಎರಡೂ ನಂದೇ ಸರಿ ಕಣೇ, ಪೆನ್ನು ತೆಗೆದಿಡು.’