ಅಪ್ಪ-ಅಮ್ಮಂದಿರ ಗುಂಪು, ಮಕ್ಕಳ ಗ್ರೂಪ್ ಥೆರಪಿ: ಹುಡುಕೋದು ಹೇಗೆ, ಊರಲ್ಲಿ ಇಲ್ಲದಿದ್ರೆ ಏನು ಮಾಡೋದು

ಮಗುಗೆ ಆಟಿಸಂ ಅಂತಲೋ ಎಡಿಎಚ್‌ಡಿ ಅಂತಲೋ ಡಾಕ್ಟರು ಬರೆದುಕೊಟ್ಟ ಮೇಲೆ, ಅಥವಾ ಹೈಸ್ಕೂಲಿಗೆ ಹೋಗೋ ಮಗಳು ರೂಮಿನ ಬಾಗಿಲು ಹಾಕ್ಕೊಂಡು ಯಾರ ಹತ್ರಾನೂ ಮಾತಾಡದೆ ಇರೋಕೆ ಶುರು ಮಾಡಿದ ಮೇಲೆ, ಮಗುಗೆ ಸಹಾಯ ಬೇಕು ಅನ್ನೋದು ಎಲ್ಲರಿಗೂ ಕಾಣತ್ತೆ, ಅಪ್ಪ-ಅಮ್ಮಂಗೂ ಬೇಕು ಅನ್ನೋದು ಯಾರಿಗೂ ಕಾಣಲ್ಲ. ಎರಡಕ್ಕೂ ಗುಂಪುಗಳಿವೆ, ಆದ್ರೆ ಎರಡೂ ಒಂದೇ ಅಲ್ಲ. ಅಪ್ಪ-ಅಮ್ಮಂದಿರ ಗುಂಪನ್ನ ನೀವೇ ಶುರು ಮಾಡ್ಬಹುದು, ಡಿಗ್ರಿ ಏನೂ ಬೇಡ. ಮಕ್ಕಳ ಗ್ರೂಪ್ ಥೆರಪಿ ಮಾತ್ರ ಅದಕ್ಕೆ ಓದಿದವರು, ತರಬೇತಿ ಆದವರೇ ನಡೆಸಬೇಕು. ಈ ವ್ಯತ್ಯಾಸ ತಲೇಲಿ ಇಟ್ಕೊಂಡು ಮುಂದೆ ಓದಿ.

ಮೊದಲು ಅಪ್ಪ-ಅಮ್ಮಂದಿರ ಗುಂಪು. ಮಗುಗೆ ಎಲ್ಲಿ ತೋರಿಸ್ತಿದ್ದೀರೋ ಅಲ್ಲೇ ಕೇಳಿ: ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ ಇರಲಿ, ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್ ಇರಲಿ, ಮಕ್ಕಳ ಬೆಳವಣಿಗೆಯ ತೊಂದ್ರೆಗಳನ್ನ ಬೇಗ ಗುರುತಿಸಿ ನೋಡ್ಕೊಳ್ಳೋ ಜಿಲ್ಲಾಸ್ಪತ್ರೆಯ ಡಿಇಐಸಿ ಕೇಂದ್ರ ಇರಲಿ. ಬೌದ್ಧಿಕ ಅಂಗವೈಕಲ್ಯ ಇರೋ ಮಕ್ಕಳ ತಂದೆತಾಯಿಯರ ಸಂಘಗಳಿಗೆ ‘ಪರಿವಾರ್’ ಅಂತ ದೇಶ ಮಟ್ಟದ ಒಕ್ಕೂಟಾನೇ ಇದೆ. "ಬೇರೆ ಪೇರೆಂಟ್ಸ್ ನಂಬರ್ ಕೊಡಿ" ಅಂತ ಆಸ್ಪತ್ರೇಲಿ ಕೇಳಿದ್ರೆ ಕೊಡಲ್ಲ, ಕೊಡಲೂಬಾರ್ದು. ಅದರ ಬದಲು ನಿಮ್ಮ ನಂಬರನ್ನ ಚೀಟೀಲಿ ಬರೆದು ಥೆರಪಿಸ್ಟ್ ಕೈಗೆ ಕೊಡಿ, ನಮ್ಮ ಹಾಗೆ ಇರೋರು ಯಾರಾದ್ರೂ ಮಾತಾಡ್ಬೇಕು ಅಂದ್ರೆ ಇದಕ್ಕೆ ಮಾಡ್ಲಿ ಅಂತ ಹೇಳಿ. ಸ್ಪೀಚ್ ಥೆರಪಿ ರೂಮಿನ ಹೊರಗೆ ಬೆಂಚಿನ ಮೇಲೆ ವಾರವಾರ ಕಾಯ್ತಾ ಕೂತಿರ್ತಾರಲ್ಲ ತಾಯಂದಿರು, ಅವರ ಜೊತೆ ಮಾತಿಗೆ ಕೂತ್ರೆ ಅರ್ಧ ಗುಂಪು ಆದಂಗೆ.

ನಾಲ್ಕೈದು ಮನೆಯವರು ಸಾಕು ಶುರು ಮಾಡೋಕೆ. ಕಷ್ಟ ಸುಮಾರಾಗಿ ಒಂದೇ ಥರದ್ದಿರಲಿ, ಮಾತು ಬರದ ಐದು ವರ್ಷದ ಮಗುವಿನ ತಾಯಿಗೂ ಕೈ ಕುಯ್ದುಕೊಳ್ಳೋ ಹದಿನಾರರ ಹುಡುಗನ ಅಪ್ಪನಿಗೂ ಬೇಕಾಗಿರೋದು ಬೇರೆ ಬೇರೆ. ಜಾಗಕ್ಕೆ ಶಾಲೆಯ ಒಂದು ರೂಮು, ಲೈಬ್ರರಿ, ಸಮುದಾಯ ಭವನ ಕೇಳಿ ನೋಡಿ. ಸರದಿ ಪ್ರಕಾರ ಮನೆಮನೇಲಿ ಸೇರೋದು ಬೇಡ ಅಂತೀನಿ, ಯಾಕಂದ್ರೆ ಆಗ ಉಪ್ಪಿಟ್ಟು ಕಾಫಿ ಕೆಲಸ ಆ ಮನೆ ಹೆಂಗಸಿನ ಮೇಲೇ ಬೀಳತ್ತೆ, ಸುಸ್ತಾಗಿರೋಳು ಅವಳೇ, ಜೊತೆಗೆ ಅತ್ತೆ-ಮಾವ ಪಕ್ಕದ ರೂಮಲ್ಲಿದ್ರೆ ಬಾಯಿ ಬಿಟ್ಟು ಮಾತಾಡೋಕೂ ಆಗಲ್ಲ. ತಿಂಗಳಿಗೊಂದು ದಿನ, ಎರಡನೇ ಶನಿವಾರ ಅಂತ ಗಟ್ಟಿ ಮಾಡಿ, ಸರ್ಕಾರಿ ಕೆಲಸದವರಿಗೆ ರಜೆ ಇರತ್ತೆ, ಒಂದೂವರೆ ಗಂಟೆ ಸಾಕು. ಮಕ್ಕಳನ್ನ ಪಕ್ಕದ ರೂಮಲ್ಲಿ ನೋಡ್ಕೊಳ್ಳೋಕೆ ಇಬ್ಬರು ಸರದಿ ಮೇಲೆ ಇರ್ಲಿ, ಈ ಏರ್ಪಾಡು ಇಲ್ಲದಿದ್ರೆ ತಾಯಂದಿರು ಬರೋದೇ ಕಷ್ಟ.

ನಿಯಮ ಮೊದಲ ದಿನಾನೇ ಹೇಳ್ಬಿಡಿ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರ್ದು, ನಾಲ್ಕು ಜನ ಏನಂತಾರೋ, ನಾಳೆ ಅಕ್ಕನ ಮದುವೆಗೆ ತೊಂದ್ರೆ ಆಗತ್ತೋ ಅನ್ನೋ ಭಯದಲ್ಲೇ ಎಷ್ಟೋ ಜನ ಬಾಯಿ ಮುಚ್ಕೊಂಡಿರ್ತಾರೆ. ಮಾತ್ರೆ ನಿಲ್ಸಿ, ಈ ಮಾತ್ರೆ ಕೊಡಿ ಅಂತ ಯಾರೂ ಹೇಳಬಾರ್ದು. ಆಟಿಸಂ ಪೂರ್ತಿ ವಾಸಿ ಮಾಡ್ತೀವಿ ಅಂತ ಪುಡಿ, ಎಣ್ಣೆ ಮಾರೋರು ಗುಂಪಿನ ವಾಸನೆ ಹಿಡಿದು ಬರ್ತಾರೆ, ಬಾಗಿಲಲ್ಲೇ ವಾಪಸ್ ಕಳ್ಸಿ. ವಾಟ್ಸಾಪಲ್ಲಿ ಮಗುವಿನ ಫೋಟೋ, ರಿಪೋರ್ಟ್, ಹಠ ಮಾಡೋ ವಿಡಿಯೋ ಹಾಕೋದು ಬೇಡ್ವೇ ಬೇಡ, ಆ ಮಗು ನಾಳೆ ದೊಡ್ಡದಾಗತ್ತೆ. ಅಪ್ಪಂದಿರನ್ನ ಕರೆಸೋಕೆ ಒಂದು ದಾರಿ ಅಂದ್ರೆ ಕೆಲಸದ ವಿಷಯ ಇಡೋದು, ಒಂದು ತಿಂಗಳು ಅಂಗವೈಕಲ್ಯದ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡ್ ಮಾಡ್ಸೋದು, ಇನ್ನೊಂದು ತಿಂಗಳು 1 ಲಕ್ಷದವರೆಗೆ ಆರೋಗ್ಯ ವಿಮೆ ಕೊಡೋ ನಿರಾಮಯ ಯೋಜನೆ, ಮತ್ತೊಂದ್ಸಲ ಎಸ್ಸೆಸ್ಸೆಲ್ಸೀಲಿ ಹೆಚ್ಚು ಸಮಯ ಕೇಳೋದು ಹೇಗೆ ಅಂತ. ಫಾರಂ ತುಂಬೋಕೆ ಬಂದ ಗಂಡಸರು ನಿಧಾನಕ್ಕೆ ಮಾತಾಡೋಕೂ ಶುರು ಮಾಡ್ತಾರೆ.

ಇನ್ನು ಮಕ್ಕಳ ಗ್ರೂಪ್ ಥೆರಪಿ. ನಾಲ್ಕು ಜನರ ಮುಂದೆ ಮಾತಾಡೋಕೆ ಭಯ, ಸ್ನೇಹ ಮಾಡೋಕೆ ಬರಲ್ಲ, ಕೋಪ ತಡೆಯೋಕಾಗಲ್ಲ, ಮನೇಲಿ ಸಾವಾಗಿದೆ, ಇಂಥದ್ದಕ್ಕೆ ಗುಂಪು ಚೆನ್ನಾಗಿ ಕೆಲಸ ಮಾಡತ್ತೆ, ಯಾಕಂದ್ರೆ ಸ್ನೇಹ ಕಲಿಯೋಕೆ ಎದುರಿಗೆ ಅದೇ ವಯಸ್ಸಿನವರು ಬೇಕಲ್ವಾ. ಆದ್ರೆ ಸಾಯ್ತೀನಿ ಅಂತಿರೋ ಮಗು, ಇಲ್ಲದ ಧ್ವನಿ ಕೇಳಿಸ್ತಿರೋ ಮಗು ಇವರಿಗೆ ಮೊದಲು ಮನೋವೈದ್ಯರು, ಗುಂಪು ಆಮೇಲೆ.

ಸೇರಿಸೋ ಮುಂಚೆ ಸಂಕೋಚ ಬಿಟ್ಟು ಕೇಳಿ. ನಡೆಸೋರು ಏನು ಓದಿದ್ದಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಇರತ್ತೆ, ಕೇಳೋದು ನಿಮ್ಮ ಹಕ್ಕು. ಎಷ್ಟು ಮಕ್ಕಳು? ಆರರಿಂದ ಎಂಟು ಒಳ್ಳೇದು, ಇಪ್ಪತ್ತು ಮಕ್ಕಳಿದ್ರೆ ಅದು ಕ್ಲಾಸು, ಥೆರಪಿ ಅಲ್ಲ. ಹತ್ತು ವರ್ಷದವರನ್ನೂ ಹದಿನಾರರವರನ್ನೂ ಒಟ್ಟಿಗೆ ಕೂರಿಸ್ತಾರಾ? ಬೇಡ. ನಿಮ್ಮ ಮಗುವನ್ನ ಒಂಟಿಯಾಗಿ ಭೇಟಿ ಮಾಡದೆ ನೇರ ಗುಂಪಿಗೆ ಹಾಕ್ತೀವಿ ಅಂದ್ರೆ ಅದೂ ಬೇಡ. ಹೊಡೆದಾಡೋ, ಕದಿಯೋ ಹುಡುಗರನ್ನಷ್ಟೇ ಒಟ್ಟಿಗೆ ಹಾಕಿದ್ರೆ ಒಬ್ಬರಿಂದ ಒಬ್ಬರು ಕಲಿತು ಇನ್ನೂ ಕೆಡೋದೂ ಉಂಟು, ಸಂಶೋಧನೇಲೂ ಇದು ಕಂಡಿದೆ, ಹಾಗಾಗಿ ಯಾರ್ಯಾರು ಇರ್ತಾರೆ ಅಂತ ಕೇಳ್ಲೇಬೇಕು. ಅಪ್ಪ-ಅಮ್ಮಂಗೂ ಏನಾದ್ರೂ ಹೇಳಿಕೊಡ್ತೀರಾ ಅಂತಲೂ ಕೇಳಿ: ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೀರ್ಸ್ ಅನ್ನೋ ಕಾರ್ಯಕ್ರಮದಲ್ಲಿ ಹದಿಹರೆಯದವರು ಒಂದು ರೂಮಲ್ಲಿ ಸ್ನೇಹ ಮಾಡೋದು ಕಲೀತಿದ್ರೆ ತಂದೆತಾಯಿ ಇನ್ನೊಂದು ರೂಮಲ್ಲಿ ಅದಕ್ಕೆ ಮನೇಲಿ ಹೇಗೆ ಬೆಂಬಲ ಕೊಡೋದು ಅಂತ ಕಲೀತಾರೆ. ಎಲ್ಲಾ ಕಡೆ ಹೀಗಿರಬೇಕು.

ಹದಿಹರೆಯದ ಮಗನನ್ನ ಮಾಲ್‌ಗೆ ಅಂತ ಸುಳ್ಳು ಹೇಳಿ ಕರ್ಕೊಂಡು ಹೋಗ್ಬೇಡಿ. ಇದ್ದಿದ್ದು ಇದ್ದಂಗೆ ಹೇಳಿ, ಮೂರು ಸಲ ಬಾ, ಆಮೇಲೂ ಬೇಡ ಅನ್ಸಿದ್ರೆ ಕೂತು ಮಾತಾಡೋಣ ಅನ್ನಿ. ವಾಪಸ್ ಬರ್ತಾ ಗಾಡೀಲಿ "ಏನು ಹೇಳಿದೆ, ಅವ್ರೇನಂದ್ರು" ಅಂತ ಕೆದಕಬೇಡಿ. ಅಲ್ಲಿ ಹೇಳಿದ್ದನ್ನ ಥೆರಪಿಸ್ಟ್ ನಿಮಗೂ ಪೂರ್ತಿ ಹೇಳಲ್ಲ, ಅದು ಸರಿಯೇ. ಜೀವಕ್ಕೆ ಅಪಾಯ ಇದ್ರೆ ಮಾತ್ರ ಹೇಳ್ತಾರೆ, ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸ್ಲೇಬೇಕು.

ಮಗು ಸಾಯೋ ಮಾತಾಡಿದ ರಾತ್ರಿ ಮಾತ್ರ ವಾಟ್ಸಾಪ್ ಗುಂಪಲ್ಲಿ ಬರೆದು ಉತ್ತರ ಕಾಯ್ತಾ ಕೂರಬೇಡಿ. ಮನೇಲಿರೋ ಮಾತ್ರೆ, ಹೊಲದ ಔಷಧಿ ಡಬ್ಬ ಎಲ್ಲ ಹೊರಗೆ ಸಾಗಿಸಿ, ಮಗುನ ಒಂಟಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಏನಾದ್ರೂ ನುಂಗಿದೆ ಅಂತ ಅನುಮಾನ ಬಂದ್ರೆ ಫೋನೂ ಬೇಡ, ಸೀದಾ ಹತ್ತಿರದ ಆಸ್ಪತ್ರೆಗೆ ಹೊರಡಿ, ಡಬ್ಬಾನೂ ಜೊತೆಗೆ ತಗೊಂಡು ಹೋಗಿ.